ಏಳನೇ ನಂಬರಿನ ಚಪ್ಪಲಿ

ಜುಲೈ 1, ಮಂಗಳವಾರ

ಸರ್ಕಾರಕ್ಕೆ ಕೊಡುವ ದಿನವರದಿ ಬೇರೆ ಇದೆ. ಅದರಲ್ಲಿ ಈಗಷ್ಟೇ "ಪ್ರಯೋಗ ಯೋಜನೆಯಂತೆ ಸಾಗುತ್ತಿದೆ" ಎಂದು ತುಂಬಿಸಿ ಬಂದೆ. ಇಲ್ಲಿ ನಿಜ ಬರೆಯಬಹುದು. ಕೂತಲ್ಲಿ ಕೂರಲಾಗುತ್ತಿಲ್ಲ, ಊಟ ರುಚಿಸುತ್ತಿಲ್ಲ, ಯಾರಾದರೂ ಫೋನಿನಲ್ಲಿ ನಿಧಾನವಾಗಿ ಮಾತಾಡಿದರೆ ಮೈ ಉರಿಯುತ್ತದೆ.

ತಜ್ಞರ ಸಮಿತಿಯ ಮುಂದೆ ನಿಲ್ಲಬೇಕಾದದ್ದು ಇಪ್ಪತ್ತೆಂಟಕ್ಕೆ. ಹೊಸ ಚಿಕಿತ್ಸೆ, ಹೊಸ ಉಪಕರಣ ಕಂಡುಹಿಡಿಯುವ ನಮ್ಮಂಥ ಸಣ್ಣ ಕಂಪನಿಗಳಿಗೆ ಸರ್ಕಾರ ಕೊಡುವ ಅನುದಾನದ ಮೊದಲ ಹಂತ ಮುಗಿಯುತ್ತ ಬಂತು. ನಮ್ಮ ಚಪ್ಪಲಿ ಕೆಲಸ ಮಾಡುತ್ತದೆ ಎಂದು ಅವರಿಗೆ ಅನ್ನಿಸಿದರೆ ಎರಡನೇ ಹಂತ. ಅನ್ನಿಸದಿದ್ದರೆ ಯಲಹಂಕ ಉಪನಗರದ ಈ ಮಹಡಿ ಖಾಲಿ ಮಾಡಿ ನಾನೊಂದು ಕಡೆ, ಪಾಲುದಾರ ನಾಸಿರ್ ಒಂದು ಕಡೆ ಕೆಲಸ ಹುಡುಕಿಕೊಂಡು ಹೋಗುವುದು.

ಚಪ್ಪಲಿಯ ವಿಷಯ ಬಹಳ ಸರಳ, ಆದರೂ ನನ್ನ ಅತ್ತೆಗೆ ಮೂರು ಸಲ ಹೇಳಬೇಕಾಯಿತು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಮುಳ್ಳು ಚುಚ್ಚಿದರೂ ಗೊತ್ತಾಗದೆ ಹುಣ್ಣಾಗುತ್ತದೆ. ಹುಣ್ಣು ಕಣ್ಣಿಗೆ ಕಾಣುವ ಕೆಲವು ದಿನ ಮುಂಚೆಯೇ ಆ ಜಾಗ ಬಿಸಿಯಾಗುತ್ತದೆ. ನಮ್ಮ ಚಪ್ಪಲಿಯ ಸೆನ್ಸರ್‌ಗಳು ಬಲಗಾಲಿನ ಒಂದೊಂದು ಜಾಗವನ್ನೂ ಎಡಗಾಲಿನ ಅದೇ ಜಾಗದ ಜೊತೆ ಹೋಲಿಸುತ್ತವೆ. ಒಂದು ಕಡೆ ಎರಡು ಡಿಗ್ರಿ ಹೆಚ್ಚಾಗಿ, ಎರಡು ದಿನ ಹಾಗೇ ಇದ್ದರೆ ರೋಗಿಯ ಮನೆಯ ಬಾಗಿಲ ಬಳಿ ಇಟ್ಟ ಪೆಟ್ಟಿಗೆಯ ದೀಪ ಹಸಿರಿನಿಂದ ಕೆಂಪಾಗುತ್ತದೆ, ಇಲ್ಲಿ ನಮ್ಮ ಪರದೆಯಲ್ಲೂ ಕೆಂಪಾಗುತ್ತದೆ. ಹೆಬ್ಬಾಳದ ಜಯಾ ಡಾಕ್ಟರ ಕ್ಲಿನಿಕ್ಕಿನಿಂದ ಹನ್ನೆರಡು ರೋಗಿಗಳು ಹಾಕಿಕೊಂಡಿದ್ದಾರೆ.

ಹಾಕಿಕೊಂಡಿದ್ದಾರೆ ಎನ್ನುವುದು ನಮ್ಮ ಆಸೆ. ನಾಲ್ಕನೇ ನಂಬರಿನವರು ಮಂಚದ ಕೆಳಗೆ ಇಟ್ಟಿದ್ದಾರೆ. ಒಂಬತ್ತರವರದ್ದನ್ನು ನಾಯಿ ಕಚ್ಚಿದೆ. ಮೇಜಿನ ಮೇಲೆ ರಿಪೇರಿಗೆ ಬಂದ ಒಂದು ಜೊತೆ ಇವತ್ತು ನಾಲ್ಕು ಸಾವಿರ ಹೆಜ್ಜೆ ನಡೆದಿದೆ, ಕೆಳಗಿನ ಹಿಟ್ಟಿನ ಗಿರಣಿ ಅದುರಿಸಿದ್ದಕ್ಕೆ. ಏಳನೇ ನಂಬರು ಮಾತ್ರ ಬಂಗಾರ. ಬೆಳಗಿನಿಂದ ರಾತ್ರಿವರೆಗೆ ಮನೆಯೊಳಗೂ ಹಾಕಿಕೊಂಡು ಓಡಾಡುವ ಒಬ್ಬರೇ ರೋಗಿ. ಸಮಿತಿಗೆ ತೋರಿಸುವ ಮೊದಲ ಚಿತ್ರವೇ ಏಳರ ಗೆರೆ.

ಜುಲೈ 4, ಶುಕ್ರವಾರ

ನಾಸಿರ್ ಜುಮ್ಮಾ ನಮಾಜಿಗೆ ಹೋಗಿ ಬಂದ. ಮೇಲೆ ಇಸ್ತ್ರಿ ಹಾಕಿದ ಬಿಳಿ ಕುರ್ತಾ, ಕಾಲಲ್ಲಿ ಸವೆದು ತೆಳ್ಳಗಾದ ನೀಲಿ ಬಚ್ಚಲ ಚಪ್ಪಲಿ. ಪಾದರಕ್ಷೆ ಕಂಪನಿಯ ಪಾಲುದಾರನ ಕಾಲು ಹೀಗಿದ್ದರೆ ಹೇಗೆ ಎಂದು ಕೆಣಕಿದೆ.

"ಒಳ್ಳೇದು ಹಾಕ್ಕೊಂಡು ಹೋದ್ರೆ ವಾಪಸ್ ಬರಿಗಾಲಲ್ಲಿ ಬರ್ಬೇಕು ಮೇಡಂ. ನಿಮ್ ದೇವಸ್ಥಾನದಲ್ಲಿ ಬೇರೆ ಥರಾನಾ?" ಎಂದ.

ಬೇರೆ ಥರ ಇಲ್ಲ. ನಮ್ಮಮ್ಮ ಜಾತ್ರೆಗೆ, ಮದುವೆ ಮನೆಗೆಂದೇ ಒಂದು ಜೊತೆ ಹಳೆಯದು ಇಟ್ಟಿದ್ದರು. ಆ ಮಾತು ಅಲ್ಲಿಗೇ ಬಿಟ್ಟು ಕೆಲಸ ಮಾಡಿದೆವು. ನಾನು ನಿಂತುಕೊಂಡೇ ಮಾಡಿದೆ.

ಜುಲೈ 8, ಮಂಗಳವಾರ

ಏಳು ಕೆಂಪಾಗಿದೆ. ಬಲಗಾಲು, ಹೆಬ್ಬೆರಳಿನ ಬುಡ.

ಮೊದಲು ಖುಷಿಯಾಯಿತು. ಹುಣ್ಣಾಗುವ ಮುಂಚೆ ಹಿಡಿದುಬಿಟ್ಟೆವಲ್ಲ, ಸಮಿತಿಗೆ ಇದಕ್ಕಿಂತ ಏನು ಬೇಕು. ಒಬ್ಬರ ಕಾಲಿಗೆ ಹುಣ್ಣಾಗಲಿ ಎಂದು ಖುಷಿಪಡುವ ಹೆಂಗಸು ನಾನು. ಬರೆದಾದ ಮೇಲೆ ಹೊಡೆದುಹಾಕಬೇಕು ಅನ್ನಿಸಿತು, ಇರಲಿ.

ಜುಲೈ 9, ಬುಧವಾರ

ಕ್ಲಿನಿಕ್ಕಿಗೆ ಹೋಗಿದ್ದೆ. ಏಳು ಎಂದರೆ ಲಾಲ್ ಸಾಬ್, ತಣಿಸಂದ್ರದವರು. ಮೊದಲು ಕಾರು ಬಸ್ಸುಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದರಂತೆ. ಸಣ್ಣ ಮೈಯ, ಬಹಳ ಮರ್ಯಾದೆಯ ಮನುಷ್ಯ. ಚಪ್ಪಲಿಯನ್ನು ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ಎಂದರೆ ಅಡಿಯಲ್ಲಿ ಒಂದು ಗೀರಿಲ್ಲ, ರಸ್ತೆಯ ಮಣ್ಣಿಲ್ಲ. ಬಾಯಿತುಂಬ ಹೊಗಳಿದೆ.

ಜಯಾ ಡಾಕ್ಟರು ಕಾಲು ನೋಡುವಾಗ ನಾನು ಎಂದಿನಂತೆ ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತೆ. ನನಗೆ ಪಾದಗಳನ್ನು ಕಂಡರೆ ಆಗುವುದಿಲ್ಲ, ಹುಣ್ಣಿನ ಪಾದವಂತೂ ಆಗುವುದೇ ಇಲ್ಲ. ಇದು ಡಾಕ್ಟರಿಗೆ ಎಂದೋ ಗೊತ್ತಾಗಿದೆ. "ಇವತ್ತು ಏಕಾದಶಿನಾ ಚಿತ್ರಾ?" ಎಂದು ಕೇಳಿದರು.

ಆಮೇಲೆ ಹೇಳಿದರು, "ಏನೂ ಇಲ್ಲ ಕಣ್ರೀ ಇಲ್ಲಿ. ಕೆಂಪಿಲ್ಲ, ಊತ ಇಲ್ಲ. ಮುಟ್ಟಿದ್ರೆ ಎರಡೂ ಒಂದೇ ತಣ್ಣಗಿದೆ. ನಿಮ್ಮ ಮಿಷನ್‌ಗೆ ಜ್ವರ ಬಂದಿರ್ಬೇಕು." ಅವರು ಬಿಸಿ ನೋಡುವುದು ಹಿಂಗೈ ಇಟ್ಟು. ನಾವು ಎರಡು ವರ್ಷ ಹೆಣಗಿ ಮಾಡಿದ್ದನ್ನು ಅವರು ಹಿಂಗೈಯಲ್ಲಿ ಮುಗಿಸುತ್ತಾರೆ.

ಲಾಲ್ ಸಾಬರಿಗೆ ಅವಸರ. "ಮಧ್ಯಾಹ್ನದ ನಮಾಜಿಗೆ ಹೋಗ್ಬೇಕು ಡಾಕ್ಟ್ರೇ. ಅಲ್ಲಾನ ದಯದಿಂದ ಇವತ್ತಿನವರೆಗೆ ಮಸೀದೀಲಿ ಒಂದು ಹೊತ್ತು ತಪ್ಸಿಲ್ಲ." ಹೊರಗೆ ಬೆಂಚಿನ ಮೇಲೆ ಅವರ ಫೈಲು, ಕೊಡೆ, ನೀರಿನ ಬಾಟಲಿ ಹಿಡಿದು ಹೆಂಡತಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, "ಲೈಟು ಕೆಂಪಾಯ್ತಲ್ಲ ಮೇಡಂ, ನಾವೇನಾದ್ರೂ ತಪ್ಪು ಮಾಡಿದ್ವಾ?" ಎಂದು ಕೇಳಿದರು. "ಏನಿಲ್ಲ, ನೀವು ಮಾಡ್ತಿರೋದನ್ನೇ ಮಾಡಿ" ಎಂದು ಹೇಳಿ ಕಾರು ಹತ್ತಿದೆ.

ಜುಲೈ 10, ಗುರುವಾರ

ಇಲ್ಲದ ಹುಣ್ಣಿಗೆ ಬಾಯಿ ಬಡಿದುಕೊಳ್ಳುವ ಯಂತ್ರವನ್ನು ಸಮಿತಿಗೆ ತೋರಿಸಿದರೆ ನಗುತ್ತಾರೆ. ಅದೂ ನಮ್ಮ ಬಂಗಾರದ ರೋಗಿಯಲ್ಲಿ.

ನಾಸಿರ್ ಸೆನ್ಸರ್ ಬದಲಿಸಿ ನೋಡೋಣ ಎಂದ. ಅದಕ್ಕೆಲ್ಲ ಸಮಯ ಎಲ್ಲಿದೆ. ಏಳರ ಮಿತಿಯನ್ನು ಎರಡು ಡಿಗ್ರಿಯಿಂದ ನಾಲ್ಕಕ್ಕೆ ಏರಿಸು ಎಂದೆ.

"ಒಬ್ಬರಿಗೆ ಮಾತ್ರ ಏರಿಸೋದು ಸರಿನಾ?"

"ಅವರ ಕಾಲಿನ ಸ್ವಭಾವ ಹಾಗಿದೆ ಅಂತ ಬರೆಯೋಣ. ಡಾಕ್ಟರೇ ನೋಡಿದಾರಲ್ಲ."

ಅವನು ಏರಿಸಿದ. ದೀಪ ಹಸಿರಾಯಿತು. ಇವತ್ತು ನಿದ್ದೆ ಬರಬಹುದು.

ಜುಲೈ 15, ಮಂಗಳವಾರ

ಬರಲಿಲ್ಲ. ನಿನ್ನೆಯೂ ಇಲ್ಲ.

ಏನೋ ಮರೆತ ಹಾಗೆ. ಗ್ಯಾಸ್ ಆರಿಸಿದೆನೇ ಎಂದು ಅಡುಗೆಮನೆಗೆ ಎದ್ದು ಹೋಗುತ್ತೇನೆ, ಆರಿಸಿರುತ್ತೇನೆ. ನಾಸಿರ್ ಹೇಳುತ್ತಾನೆ, "ಸ್ಟೆಪ್ ಕೌಂಟ್ ಚಪ್ಪಲಿ ನಿಮಗೆ ಹಾಕ್ಬೇಕಿತ್ತು. ಈ ರೂಮಲ್ಲೇ ನಾಗಸಂದ್ರಕ್ಕೆ ಹೋಗಿ ಬಂದಿರ್ತೀರ."

ಜುಲೈ 18, ಶುಕ್ರವಾರ

ಮಧ್ಯಾಹ್ನ ಎರಡು ಗಂಟೆ. ಗಿರಣಿ ಊಟಕ್ಕೆ ನಿಲ್ಲಿಸಿದ್ದರು. ಸಮಿತಿಗೆ ತೋರಿಸುವ ಚಿತ್ರಗಳನ್ನು ಜೋಡಿಸುತ್ತ ಪರದೆಯ ಮೇಲೆ ಏಳನ್ನು ನೋಡುತ್ತಿದ್ದೆ. ಪೆಟ್ಟಿಗೆಯ ಹತ್ತಿರವೇ, ಅಂದರೆ ಮನೆಯೊಳಗೆ, ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ. ಎಂಥ ಶಿಸ್ತಿನ ರೋಗಿ ಅಂದುಕೊಂಡೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಪಟಪಟ ಸದ್ದಾಗಿ ನಾಸಿರ್ ಬಂದ. ಬಿಳಿ ಕುರ್ತಾ, ಬಚ್ಚಲ ಚಪ್ಪಲಿ.

ನಾನು ಅವನ ಕಾಲು ನೋಡಿದೆ. ಪರದೆ ನೋಡಿದೆ.

"ನಾಸಿರ್, ತಣಿಸಂದ್ರದಲ್ಲಿ ಜುಮ್ಮಾ ಎಷ್ಟು ಹೊತ್ತಿಗೆ?"

"ಎಲ್ಲಾ ಕಡೆ ಇದೇ ಹೊತ್ತು. ಹತ್ತು ನಿಮಿಷ ಆಚೆ ಈಚೆ."

"ಲಾಲ್ ಸಾಬ್ ಒಂದು ಗಂಟೆಯಿಂದ ಮನೇಲೇ ಓಡಾಡ್ತಿದಾರೆ."

ಅವನೂ ಬಗ್ಗಿ ನೋಡಿದ. ಹುಷಾರಿಲ್ಲವೇನೋ ಎಂದ. ಹಿಂದಿನ ಶುಕ್ರವಾರ ತೆಗೆದೆವು. ಅದರ ಹಿಂದಿನದು ತೆಗೆದೆವು. ಪ್ರತಿ ಶುಕ್ರವಾರ, ಊರಿನ ಗಂಡಸರೆಲ್ಲ ಮಸೀದಿಯಲ್ಲಿ ತಲೆಬಾಗಿಸಿರುವ ಹೊತ್ತಿಗೆ, ನಮ್ಮ ಏಳನೇ ನಂಬರು ಅಡುಗೆಮನೆಗೂ ಹಾಲ್‌ಗೂ ನಡೆದಾಡುತ್ತಿದೆ.

ಚಪ್ಪಲಿ ಅವರ ಕಾಲಲ್ಲಿಲ್ಲ. ಯಾರ ಕಾಲಲ್ಲೋ ಇದೆ. ಬಂಗಾರದ ಗೆರೆ ಹೋಯಿತು. ಫೋನ್ ಮಾಡಲು ಕೈಗೆತ್ತಿಕೊಂಡು ಇಟ್ಟೆ. ಎದುರಿಗೆ ನಿಂತು ಕೇಳಬೇಕು. ನಾಳೆ ಹೋಗುತ್ತೇನೆ. ನಾಸಿರ್ ಬರುವುದು ಬೇಡ, ಅವನು ಹಿರಿಯರ ಮುಂದೆ ಮೆತ್ತಗಾಗಿಬಿಡುತ್ತಾನೆ. ಬೈಯಬೇಕಾದದ್ದನ್ನು ನಾನೇ ಬೈಯುತ್ತೇನೆ.

ಜುಲೈ 19, ಶನಿವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ತಣಿಸಂದ್ರದಲ್ಲಿ ಹೊಸ ಅಪಾರ್ಟ್‌ಮೆಂಟುಗಳ ಹಿಂದಿನ ಗಲ್ಲಿ, ಮೊದಲ ಮಹಡಿ. ಬಾಗಿಲ ಹೊರಗೆ ಲಾಲ್ ಸಾಬರ ಹಳೆಯ ಚರ್ಮದ ಚಪ್ಪಲಿ. ನಮ್ಮದು ಅಲ್ಲಿರಲಿಲ್ಲ. ಬಾಗಿಲು ತೆಗೆದದ್ದು ಅವರ ಹೆಂಡತಿ ಅಕ್ಬರಿ. ನಮ್ಮ ಚಪ್ಪಲಿ ಅವರ ಕಾಲಲ್ಲಿತ್ತು.

ನಾನು ಅದನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು. ಮೆಲ್ಲಗೆ ಬಿಚ್ಚಿ ಸೆರಗಿನಿಂದ ಒರೆಸಿ ಗೋಡೆಯ ಪಕ್ಕ ಇಟ್ಟರು. ಲಾಲ್ ಸಾಬ್ ಒಳಗಿನಿಂದ ಬಂದು ಕುರ್ಚಿ ಹಾಕಿದರು. ನಾನು ಕೂರಲಿಲ್ಲ. ಕೇಳಬೇಕಾದದ್ದನ್ನು ಕೇಳಿದೆ, ಸ್ವಲ್ಪ ಜೋರಾಗಿಯೇ.

"ಮಸೀದಿಗೆ ಅದನ್ನ ಹಾಕ್ಕೊಂಡು ಹೋಗಕ್ಕಾಗುತ್ತಾ ಮೇಡಂ?" ಎಂದರು ಲಾಲ್ ಸಾಬ್. "ದಿನಕ್ಕೆ ಐದು ಸಲ ಬಾಗ್ಲಲ್ಲಿ ಬಿಡ್ಬೇಕು. ಸರ್ಕಾರದ ವಸ್ತು. ಯಾರಾದ್ರೂ ಹಾಕ್ಕೊಂಡು ಹೋದ್ರೆ ನಾನೇನ್ ಜವಾಬ್ ಕೊಡ್ಲಿ? ಮನೇಲಿ ಅಂತೂ ಹುಟ್ಟಿದಾಗ್ನಿಂದ ಚಪ್ಲಿ ಹಾಕಿಲ್ಲ. ನಮಾಜ್ ಮಾಡೋ ಜಾಗ. ಅವಳದ್ದು ಅಂದ್ರೆ ಅಡುಗೆಮನೆ ಓಡಾಟ."

ಅಕ್ಬರಿಯವರು ತಲೆ ತಗ್ಗಿಸಿದ್ದರು. "ಅವ್ರು ಹಾಕಿಲ್ಲ ಅಂದ್ರೆ ಲೈಟೇ ಹತ್ತಲ್ಲ. ನೀವು ಅಷ್ಟು ದೂರದಿಂದ ಬಂದು ಇಟ್ಟೋಗಿದೀರ. ನಿಮ್ಗೆ ಬೇಜಾರಾಗ್ಬಾರ್ದು ಅಂತ ನಾನು ಹಾಕ್ಕೊಂಡೆ. ಹಸಿರು ಬಂತು. ಆಮೇಲೊಂದಿನ ಕೆಂಪಾಯ್ತು. ಸಾಕಾಗಿಲ್ಲ ಅಂತ ಕೇಳ್ತಿದೆ ಅಂದ್ಕೊಂಡು ಇನ್ನೂ ಜಾಸ್ತಿ ಓಡಾಡ್ದೆ. ನಿಮ್ಮನ್ನ ಕೇಳಿದ್ದಕ್ಕೆ, ಮಾಡ್ತಿರೋದನ್ನೇ ಮಾಡಿ ಅಂದ್ರಿ. ಮಾರನೇ ದಿನ ಹಸಿರಾಯ್ತು."

ಕೆಂಪಾದದ್ದು ಬಲಗಾಲು, ಹೆಬ್ಬೆರಳಿನ ಬುಡ. ಡಾಕ್ಟರು ನೋಡಿದ್ದು ಇವರ ಗಂಡನ ಕಾಲು.

"ನಿಮ್ಮ ಕಾಲು ತೋರಿಸಿ" ಎಂದೆ.

"ನನ್ದಾ? ನನ್ಗೇನಾಗಿದೆ ಮೇಡಂ? ಶುಗರ್ ಇರೋದು ಅವ್ರಿಗೆ."

"ಯಾವತ್ತಾದ್ರೂ ನಿಮಗೆ ಟೆಸ್ಟ್ ಮಾಡ್ಸಿದೀರಾ?"

ಇಲ್ಲ ಎಂದು ತಲೆಯಾಡಿಸಿದರು. ಇಷ್ಟು ವರ್ಷ ಪ್ರತಿ ತಿಂಗಳು ಅದೇ ಕ್ಲಿನಿಕ್ಕಿನ ಬೆಂಚಿನ ಮೇಲೆ ಫೈಲು ಹಿಡಿದು ಕೂತ ಹೆಂಗಸಿನ ಬೆರಳಿಗೆ ಒಮ್ಮೆಯೂ ಯಾರೂ ಸೂಜಿ ಚುಚ್ಚಿರಲಿಲ್ಲ.

ಅವರು ಕಾಲು ಕೊಡಲೊಲ್ಲರು. "ನೀವು ನನ್ನ ಕಾಲು ಮುಟ್ಟೋದಾ, ಬೇಡ" ಎಂದು ಸೀರೆಯೊಳಗೆ ಎಳೆದುಕೊಂಡರು. ನೆಲದ ಮೇಲೆ ಕೂತು ಎಳೆದು ತೊಡೆಯ ಮೇಲಿಟ್ಟುಕೊಂಡೆ. ಹೆಬ್ಬೆರಳಿನ ಬುಡದಲ್ಲಿ ದಪ್ಪ ಆಣಿ, ಅದರಡಿ ಕಪ್ಪು ಕಲೆ. ಹಿಂಗೈ ಇಟ್ಟೆ. ಎಡಗಾಲಿಗೆ ಇಟ್ಟೆ. ಮತ್ತೆ ಬಲಗಾಲಿಗೆ ಇಟ್ಟೆ. ಕಾಫಿ ಲೋಟ ಮುಟ್ಟಿದ ಹಾಗಿತ್ತು. ಬೆರಳಿನಿಂದ ಒತ್ತಿದೆ.

"ನೋವಾಗುತ್ತಾ?"

"ಎಲ್ಲಿ ಒತ್ತುತ್ತಿದೀರಿ?" ಎಂದು ಕೇಳಿದರು.

ನಾಸಿರ್‌ಗೆ ಫೋನ್ ಮಾಡಿ ಏಳರ ಮಿತಿಯನ್ನು ಎರಡಕ್ಕೆ ಇಳಿಸು ಎಂದೆ. ಬಾಗಿಲ ಪಕ್ಕದ ಪೆಟ್ಟಿಗೆ ಆ ಕ್ಷಣವೇ ಕೆಂಪಾಯಿತು. ಅದು ಇಷ್ಟು ದಿನವೂ ಕೆಂಪಾಗಿಯೇ ಇತ್ತು. ನಾನು ಅದರ ಬಾಯಿ ಕಟ್ಟಿಸಿದ್ದೆ.

ಜಯಾ ಡಾಕ್ಟರು ಆಣಿ ಹೆರೆದಾಗ ಒಳಗಿನಿಂದ ಕೀವು ಬಂತು. ಶುಗರ್ ಮೀಟರಿನ ಅಂಕಿ ಮುನ್ನೂರು ದಾಟಿತ್ತು. ಅಲ್ಲಿಂದ ನೇರ ಇಲ್ಲಿಗೆ. ಸೋಂಕು ಮೂಳೆಗೆ ಹೋಗಿದೆಯೇ ಎಂದು ನೋಡುತ್ತಿದ್ದಾರೆ. ಹೋಗಿದ್ದರೆ ಬೆರಳು ಉಳಿಯುವುದಿಲ್ಲ.

ಲಾಲ್ ಸಾಬ್ ಎದುರಿನ ಕುರ್ಚಿಯಲ್ಲಿ ಹೆಂಡತಿಯ ಫೈಲು ಹಿಡಿದು ಕೂತಿದ್ದಾರೆ. ಹೊಸ ಫೈಲು, ಒಂದೇ ಹಾಳೆ ಇದೆ.

ಜುಲೈ 21, ಸೋಮವಾರ

ಹೋಗಿತ್ತು. ಬೆಳಿಗ್ಗೆ ಬೆರಳು ತೆಗೆದರು. ಪಾದ ಉಳಿದಿದೆ.

"ಒಂದು ವಾರ ಮುಂಚೆ ಬಂದಿದ್ರೆ ಡ್ರೆಸ್ಸಿಂಗಲ್ಲೇ ಮುಗೀತಿತ್ತು" ಎಂದರು ಡಾಕ್ಟರು, ಯಾರಿಗೂ ಅಂತಲ್ಲ.

ಇವತ್ತು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾಸಿರ್, "ಏರಿಸಿದ್ದು ನನ್ನ ಕೈ" ಎಂದ. ಏರಿಸು ಎಂದದ್ದು ನಾನು. ಹಾಗೆಂದು ಹೇಳಿದೆ. ಇಬ್ಬರೂ ಟೀ ಕುಡಿಯಲಿಲ್ಲ. ನನಗೆ ನಾಚಿಕೆಯಾಗುತ್ತಿದೆ, ಬೇರೆ ಮಾತು ಹುಡುಕಿದರೂ ಸಿಗುತ್ತಿಲ್ಲ.

ಜುಲೈ 24, ಗುರುವಾರ

ಡ್ರೆಸ್ಸಿಂಗ್ ಮಾಡುವಾಗ ಅಕ್ಬರಿಯವರು ಮುಖ ತಿರುಗಿಸಿಕೊಳ್ಳುತ್ತಾರೆ. ಲಾಲ್ ಸಾಬರಿಗೆ ಕಣ್ಣು ಮಂಜು. ಹಾಗಾಗಿ ಗಾಯ ಹೇಗಿದೆ ಎಂದು ಇಬ್ಬರಿಗೂ ನಾನೇ ಹೇಳಬೇಕು. ಇವತ್ತು ಅಂಚು ಗುಲಾಬಿಯಾಗಿದೆ, ವಾಸನೆ ಇಲ್ಲ. ಮನೆಗೆ ಹೋದ ಮೇಲೆ ದಿನಾ ಹೇಗೆ ನೋಡಬೇಕೆಂದು ಲಾಲ್ ಸಾಬರಿಗೆ ತೋರಿಸಿಕೊಟ್ಟೆ. ಕಣ್ಣು ಬೇಡ, ಹಿಂಗೈ ಸಾಕು. ಅವರು ಮೊದಲು ನನ್ನ ಹಣೆಯ ಮೇಲೆ ಇಟ್ಟು ಅಭ್ಯಾಸ ಮಾಡಿದರು.

"ನಿಮ್ಮದೇ ಬಿಸಿ ಇದೆ ಬೇಟಿ. ಮನೆಗೆ ಹೋಗಿ ಮಲ್ಕೊಳಿ" ಎಂದರು.

ಜುಲೈ 28, ಸೋಮವಾರ

ಯಶವಂತಪುರದಲ್ಲಿ ಸಭೆ. ಐವರು ತಜ್ಞರು, ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಗೋಡಂಬಿ ಬಿಸ್ಕತ್ತು.

ಬಂಗಾರದ ಗೆರೆಯನ್ನೇ ಮೊದಲು ತೋರಿಸಿದೆ. ಆಮೇಲೆ ಅದು ಯಾರ ಕಾಲು ಎಂದು ಹೇಳಿದೆ. ಎಲ್ಲಿ ಮಿತಿ ಏರಿಸಿದೆವೋ ಅಲ್ಲಿ ಗೆರೆಯ ಮೇಲೆ ಒಂದು ಗುರುತು ಹಾಕಿಸಿದ್ದೆ. ಯಾಕೆ ಏರಿಸಿದಿರಿ ಎಂದು ಕೇಳಿದರು. "ನಿಮಗೆ ಹೆದರಿ" ಎಂದೆ. ನಾಸಿರ್ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಅಧ್ಯಕ್ಷರು ಕನ್ನಡಕ ತೆಗೆದು ಹೇಳಿದರು, "ಈಕೆ ನಿಮ್ಮ ಪ್ರಯೋಗದಲ್ಲಿ ನೋಂದಣಿ ಆದವರಲ್ಲ. ಒಪ್ಪಿಗೆ ಪಡೆದಿಲ್ಲ. ಇದನ್ನ ಫಲಿತಾಂಶದಿಂದ ತೆಗೀಬೇಕಾಗುತ್ತೆ."

ನಿಯಮ ಸರಿಯಾಗಿಯೇ ಇದೆ. ತೆಗೆದರೆ ಉಳಿಯುವುದೇನು? ಹನ್ನೊಂದು ರೋಗಿಗಳು, ಒಂದೂ ಎಚ್ಚರಿಕೆ ಇಲ್ಲ. ನಮ್ಮ ಚಪ್ಪಲಿ ಕಾಗದದ ಮೇಲೆ ಯಾರನ್ನೂ ಕಾಪಾಡಲಿಲ್ಲ, ಯಾವ ಹುಣ್ಣನ್ನೂ ಹಿಡಿಯಲಿಲ್ಲ. ಎರಡನೇ ಹಂತ ಸದ್ಯಕ್ಕಿಲ್ಲ. ಮೂರು ತಿಂಗಳ ಅವಧಿ ಕೊಟ್ಟಿದ್ದಾರೆ. ಮೊದಲಿನಿಂದ ಮಾಡಿ, ಈ ಸಲ ಚಪ್ಪಲಿ ಯಾರ ಕಾಲಲ್ಲಿದೆ ಎಂದು ನೋಡಿಕೊಳ್ಳಿ ಎಂದರು. ನಕ್ಕರು ಕೂಡ, ಕೆಟ್ಟ ನಗುವಲ್ಲ.

ವಾಪಸ್ ಬರುವಾಗ ತಣಿಸಂದ್ರಕ್ಕೆ ಹೋಗಿ ಅಕ್ಬರಿ ಅಮ್ಮನನ್ನು ನೋಡಿಕೊಂಡು ಬಂದೆವು. ಆ ದೀಪದ ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ಬದಲಿಸಲು ಒಯ್ದಿದ್ದೇವೆ, ಇನ್ನು ಮೇಲೆ ಕೆಂಪಾದರೆ ಅದು "ನಡೀಬೇಡಿ, ಕಾಲು ನೋಡಿ" ಎಂದು ಬಾಯಿಬಿಟ್ಟು ಹೇಳುತ್ತದೆ ಎಂದೆ.

"ಕನ್ನಡದಲ್ಲಾ?"

"ದಖ್ನಿಯಲ್ಲೂ ಹೇಳುತ್ತೆ" ಎಂದ ನಾಸಿರ್. ಯಾರ ದನಿ ಎಂದು ಕೇಳಿ, ಅವನದೇ ಎಂದು ತಿಳಿದು ಬಹಳ ಹೊತ್ತು ನಕ್ಕರು.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಪೂಜೆ ಮುಗಿಸಿ, ಅತ್ತೆಯ ಕಣ್ಣು ತಪ್ಪಿಸಿ ಇಲ್ಲಿಗೆ ಬಂದೆ. ಕೆಳಗೆ ಗಿರಣಿ ಮುಚ್ಚಿದೆ, ನೆಲ ಅದುರುತ್ತಿಲ್ಲ.

ಹೊಸ ಹದಿಮೂರನೇ ಜೊತೆ ಮೇಜಿನ ಮೇಲಿದೆ. ಅಕ್ಬರಿ ಅಮ್ಮನ ಒಪ್ಪಿಗೆ ಸಿಕ್ಕಿದೆ, ಕಾಲಿನ ಅಳತೆ ಮೊನ್ನೆ ನಾನೇ ಹಾಳೆಯ ಮೇಲೆ ಬರೆದು ತಂದೆ. ಗಾಯ ಪೂರ್ತಿ ಮಾಗಿದ ಮೇಲೆ ಹಾಕುವುದು. ನಮಾಜಿಗೆ ಹೊರಡುವ ಮುಂಚೆ ನಾಸಿರ್ ಅಳತೆಯ ಹಾಳೆ ನೋಡುತ್ತ ನಿಂತಿದ್ದ.

"ಎಡಗಾಲಿನ ಹೆಬ್ಬೆರಳನ್ನ ಯಾವುದರ ಜೊತೆ ಹೋಲಿಸೋದು ಮೇಡಂ? ಈ ಕಡೆ ಜೋಡಿನೇ ಇಲ್ಲ."

ಬಲಗಾಲಿನ ಆ ಜಾಗದಲ್ಲಿ ಸೆನ್ಸರ್ ಹಾಕಬೇಡ ಎಂದಷ್ಟೇ ಹೇಳಿದೆ. ಅವನು ಬಚ್ಚಲ ಚಪ್ಪಲಿ ಹಾಕಿಕೊಂಡು ಹೋದ.

ಒಂದು ಗಂಟೆಗೆ ಲಾಲ್ ಸಾಬರ ಗೆರೆ ಪರದೆಯಿಂದ ಮಾಯವಾಯಿತು. ಪೆಟ್ಟಿಗೆಯಿಂದ ದೂರ ಹೋದರೆ ಹಾಗೆಯೇ, ವಾಪಸ್ ಬಂದ ಮೇಲೆ ಚಪ್ಪಲಿ ಎಲ್ಲವನ್ನೂ ಒಪ್ಪಿಸುತ್ತದೆ. ಈಗ ಅವರು ನಮ್ಮದನ್ನೇ ಹಾಕಿಕೊಂಡು ಮಸೀದಿಗೆ ಹೋಗುತ್ತಾರೆ. ಕಣ್ಣು ಮಂಜಾದರೂ ಕೈಯ ಅಭ್ಯಾಸದಿಂದ ಹಳೆಯ ಸೀಟ್ ಕವರಿನ ರೆಕ್ಸಿನ್‌ನಲ್ಲಿ ಜಿಪ್ ಇರುವ ಚೀಲ ಹೊಲಿದುಕೊಂಡಿದ್ದಾರೆ. ಬಾಗಿಲಲ್ಲಿ ಬಿಚ್ಚಿ, ಚೀಲಕ್ಕೆ ಹಾಕಿ, ಒಳಗೆ ಒಯ್ದು ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರಂತೆ. ಉಳಿದ ಹನ್ನೊಂದು ಮಂದಿಗೂ ಅಂಥ ಚೀಲ ಹೊಲಿದು ಕೊಡಲು ಒಪ್ಪಿದ್ದಾರೆ.

ಕಾಯುತ್ತ ಕೂತೆ. ಪರದೆ ಖಾಲಿ ಇತ್ತು. ಎರಡು ಗಂಟೆಗೆ ಚಪ್ಪಲಿ ಮನೆ ತಲುಪಿತು. ಸ್ವಲ್ಪ ನಡಿಗೆ, ಬಹಳ ಹೊತ್ತು ಏನೂ ಇಲ್ಲ, ಮತ್ತೆ ನಡಿಗೆ. ಅವರ ಎರಡೂ ಪಾದ ತಣ್ಣಗಿವೆ.

ಆಮೇಲೆ ಫೋನ್ ಬಂತು. ಹಬ್ಬದ ದಿನ ತೊಂದರೆ ಕೊಟ್ಟೆನೇ ಎಂದು ಕೇಳಿದರು ಲಾಲ್ ಸಾಬ್. ಇಲ್ಲ ಎಂದೆ.

"ಈಗ ಬಂದೆ. ಬಂದವನೇ ಅವಳ ಎಡಗಾಲಿನ ಹೆಬ್ಬೆರಳು ನೋಡ್ದೆ. ಜೋಡಿ ಬೆರಳಿಲ್ವಲ್ಲ, ಒಂದ್ಸಲ ನನ್ನ ಕೆನ್ನೆ ಮುಟ್ಟಿ, ಒಂದ್ಸಲ ಬೆರಳು ಮುಟ್ಟಿ ನೋಡ್ದೆ."

"ಹೇಗಿದೆ?"

"ತಣ್ಣಗಿದೆ ಬೇಟಿ."